ಎರ್ರಿಸ್ವಾಮಿ ಮಾಸ್ಟ್ರ ತಪ್ಪಿನ ಗೋಡೆ

ಎರ್ರಿಸ್ವಾಮಿ ಮಾಸ್ಟ್ರು ಕಂಪ್ಯೂಟರಿನ ಮುಂದೆ ಕೂರುವ ಮೊದಲು ಕೊರಳಿಗೆ ಅಳತೆ ಟೇಪು ಹಾಕಿಕೊಳ್ಳುತ್ತಿದ್ದರು. ಟೇಪು ಸಿಗಲಿಲ್ಲವೆಂದರೆ ಅದು ಸಿಗುವವರೆಗೂ ಪ್ರೋಗ್ರಾಮಿನ ಕೆಲಸ ಇಲ್ಲ. ಕಿವಿಯ ಮೇಲೆ ಪೆನ್ಸಿಲು, ಅಂಗಿಯ ಜೇಬಿನಲ್ಲಿ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ, ಕೀಬೋರ್ಡಿನ ಗುಂಡಿಗಳ ಮೇಲೆಲ್ಲ ಆ ಸುಣ್ಣದ ಬಿಳಿ ಪುಡಿ. ತೆಲುಗು ನಾಡಿನ ಗಡಿಯ ರಾಯದುರ್ಗದ ಜೀನ್ಸ್ ಹೊಲಿಗೆ ಘಟಕದ ಹಿಂದಿನ ಕೋಣೆಯಲ್ಲಿ ಅವರನ್ನು ಮೊದಲ ಸಲ ಕಂಡಾಗ ನಾನು ಸುಮ್ಮನಿರಲಾರದೆ ಕೇಳಿಯೇ ಬಿಟ್ಟೆ: "ಟೇಪ್ ಯಾಕೆ ಮಾಸ್ಟ್ರೇ? ಪರದೆ ಅಳೀತೀರಾ?"

ಬಂದ ಮೊದಲ ದಿನವೇ ಇಂಥ ಮಾತು. ನನಗೆ ಬಾಯಿ ಸ್ವಲ್ಪ ಜಾಸ್ತಿ, ನಮ್ಮೂರು ರೊಳ್ಳದಲ್ಲಿ ಅಮ್ಮ ದಿನಾ ಬೈಯುತ್ತಿದ್ದದ್ದೂ ಅದಕ್ಕೇ. ಮಾಸ್ಟ್ರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಟೇಪಿನ ಎರಡೂ ತುದಿಗಳನ್ನು ಸಮ ಮಾಡಿಕೊಂಡು, "ಕೊಳ್ಳಾಗ ಇದ್ರ ನೆನಪಿರ್ತೈತ್ರೀ ತಂಗಿ, ನಾವು ಇದರಾಗ ಬರ್ದಿದ್ದು ನಾಳೆ ಒಬ್ಬರ ಮೈಮ್ಯಾಲೆ ಬರ್ತೈತಿ ಅಂತ" ಎಂದರು. ನಾನು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಕಂಪ್ಯೂಟರ್ ಓದಿದವಳು. ಆ ಮೂರು ವರ್ಷದಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ.

ಅವರು ಹುಟ್ಟಾ ಕಟಿಂಗ್ ಮಾಸ್ಟರು. ಹತ್ತನೇ ತರಗತಿಯವರೆಗೆ ತೆಲುಗಿನಲ್ಲಿ ಓದಿ, ಆಮೇಲೆ ಕತ್ತರಿ ಹಿಡಿದು, ಊರಿನ ಅರ್ಧ ಜನಕ್ಕೆ ಪ್ಯಾಂಟು ಕತ್ತರಿಸಿದವರು. ನಲವತ್ತೈದು ದಾಟಿದ ಮೇಲೆ ಘಟಕಕ್ಕೆ ಯಾರೋ ಅಳತೆಯ ಒಂದು ಸಾಫ್ಟ್‌ವೇರು ತಂದು ತೋರಿಸಿದರಂತೆ. ಮಾಸ್ಟ್ರು ಅದನ್ನು ಅರ್ಧ ದಿನ ನೋಡಿ, "ಚಂದೈತ್ರೀ, ಆದ್ರ ನಮ್ಮ ಮಂದಿ ಸೊಂಟ ಇದರಾಗಿಲ್ಲ" ಎಂದು ವಾಪಸು ಕಳಿಸಿದರು. ಮುಂದಿನ ವಾರ ಬಳ್ಳಾರಿಗೆ ಹೋಗಿ ಹಳೇ ಪುಸ್ತಕದಂಗಡಿಯಿಂದ ಸಿ ಎಂಬ ಕಂಪ್ಯೂಟರ್ ಭಾಷೆಯ ಪುಸ್ತಕವೊಂದನ್ನು ತಂದರು. ಒಂದೊಂದೇ ಪುಟವನ್ನು ಯಾರ ಯಾರ ಕೈಲೋ ಹೇಳಿಸಿಕೊಂಡು, ಜೀನ್ಸ್ ಬಟ್ಟೆಯ ತುಂಡಿನ ಮೇಲೆ ಸುಣ್ಣದಲ್ಲಿ ಬರೆದು ನೋಡಿ, ಎರಡು ವರ್ಷದಲ್ಲಿ ಕಲಿತರು. ಅವರ ಪ್ರೋಗ್ರಾಮಿನ ಒಳಗೆ ಹೊಕ್ಕರೆ ಹೆಸರುಗಳೆಲ್ಲ ಸೊಂಟ, ತೊಡೆ, ಮೊಣಕಾಲು, ಕೊರತೆ, ಸಡಿಲ. ಓದುತ್ತಿದ್ದರೆ ದರ್ಜಿಯೊಬ್ಬ ಎದುರಿಗೆ ನಿಂತು ಅಳತೆ ಕೂಗಿದ ಹಾಗಾಗುತ್ತಿತ್ತು.

ಎಲ್ಲರಿಗೂ 'ರೀ' ಹಚ್ಚಿ ಮಾತಾಡುವುದು ಆ ಕಡೆಯವರ ರೂಢಿ. ಮಾಸ್ಟ್ರು ಕಂಪ್ಯೂಟರಿಗೂ ಹಚ್ಚುತ್ತಿದ್ದರು. ಪರದೆ ನಿಂತುಹೋದರೆ ಕೈಕಟ್ಟಿ ಕೂತು, "ಯಾಕ್ರೀ ನಿಂತ್ರಿ? ಏನ್ ತಪ್ಪಾತು ಹೇಳ್ರಿ" ಎಂದು ಕೇಳುವರು. ನಾನಾದರೆ ಅದರ ತಲೆಯ ಮೇಲೆ ಎರಡು ಬಡಿಯುತ್ತಿದ್ದೆ. "ಹೊಡೀಬ್ಯಾಡ್ರಿ, ಅವರಿಗೆ ಗೊತ್ತಿಲ್ಲದ್ದು ನೀವ ಬರ್ದಿರ್ತೀರಿ" ಎಂದು ನನ್ನನ್ನೇ ತಡೆಯುವರು.

ಕೋಣೆಯ ಉತ್ತರದ ಗೋಡೆಗೆ ನಾವು ತಪ್ಪಿನ ಗೋಡೆ ಎನ್ನುತ್ತಿದ್ದೆವು. ಕತ್ತರಿಸುವುದರಲ್ಲಿ, ಹೊಲಿಯುವುದರಲ್ಲಿ, ಪ್ರೋಗ್ರಾಮು ಬರೆಯುವುದರಲ್ಲಿ ಯಾರು ತಪ್ಪು ಮಾಡಿದರೂ ಏನು ತಪ್ಪು ಎಂದು ಒಂದು ಸಾಲು ಬರೆದು, ಮುಂದೆ ತಮ್ಮ ಹೆಸರು ಹಾಕಬೇಕು. ಮಾಸ್ಟ್ರ ಕಟ್ಟಳೆ ಒಂದೇ: ಅವರವರ ತಪ್ಪನ್ನು ಅವರವರೇ ಬರೆಯಬೇಕು. ಇನ್ನೊಬ್ಬರ ಹೆಸರನ್ನು ಇನ್ನೊಬ್ಬರು ಬರೆಯುವ ಹಾಗಿಲ್ಲ, ಮಾಲೀಕರಾದರೂ ಅಷ್ಟೆ. ಯುಗಾದಿಗೆ ಗೋಡೆಗೆ ಸುಣ್ಣ ಬೀಳುತ್ತಿತ್ತು, ಅಲ್ಲಿಗೆ ಆ ವರ್ಷದ ತಪ್ಪುಗಳೆಲ್ಲ ಮಾಫಿ. ಇದೇ ಪಟ್ಟಿಯನ್ನು ಅವರು ಪ್ರೋಗ್ರಾಮಿನ ಒಳಗೂ ಇಟ್ಟಿದ್ದರು. ಒಂದು ಗುಂಡಿ ಒತ್ತಿದರೆ ಅಳತೆಯ ಲೆಕ್ಕದಲ್ಲಿ ಆದ ತಪ್ಪುಗಳೆಲ್ಲ ಹೆಸರಿನ ಸಮೇತ ಪರದೆಗೆ ಬರುತ್ತಿದ್ದವು. ಅದಕ್ಕೆ ಮಾತ್ರ ಯಾವ ಯುಗಾದಿಯೂ ಇರಲಿಲ್ಲ.

ಈಗ ನಮ್ಮ ಕೆಲಸ ಏನಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ಹಲವು ಪ್ರೋಗ್ರಾಮುಗಳಿಗೆ ಬೇಕಾಗುವ ಲೆಕ್ಕವನ್ನು ಒಂದೇ ಕಡೆ ಬರೆದಿಟ್ಟರೆ ಅದಕ್ಕೆ ಲೈಬ್ರರಿ ಎನ್ನುತ್ತಾರೆ. ಮಾಸ್ಟ್ರು ಬರೆದ ಲೈಬ್ರರಿಯ ಹೆಸರು 'ಅಳತೆ'. ಒಂದು ಸೊಂಟದ ಸುತ್ತಳತೆ ಕೊಟ್ಟರೆ ಉಳಿದದ್ದನ್ನೆಲ್ಲ ಅದು ಲೆಕ್ಕ ಹಾಕುತ್ತಿತ್ತು. ರಾಯದುರ್ಗದ ಘಟಕದಲ್ಲಿ ಪ್ಯಾಟರ್ನ್, ಅಂದರೆ ಕತ್ತರಿಸಬೇಕಾದ ಆಕಾರ, ಬರೆಯಲು, ಬಟ್ಟೆಯ ಮೇಲೆ ಅದನ್ನು ಜೋಡಿಸಲು, ಚೀಟಿ ಮುದ್ರಿಸಲು ಮೂರು ಬೇರೆ ಪ್ರೋಗ್ರಾಮುಗಳಿದ್ದವು. ಮೂರೂ ಇದೊಂದೇ ಲೈಬ್ರರಿಯನ್ನು ಹಂಚಿಕೊಳ್ಳುತ್ತಿದ್ದವು. ಇಂಥದ್ದಕ್ಕೆ ಶೇರ್ಡ್ ಎನ್ನುತ್ತಾರೆ. ಮಡಕಶಿರದಲ್ಲಿ ಗಂಗಕ್ಕ ಎಂಬವರು ನಡೆಸುವ ಹೆಂಗಸರ ಹೊಲಿಗೆ ಕೇಂದ್ರಕ್ಕೂ ನಾವೇ ಪ್ರೋಗ್ರಾಮು ಕೊಡುತ್ತಿದ್ದೆವು. ಅಲ್ಲಿದ್ದದ್ದು ಒಂದೇ ಒಂದು ಹಳೇ ಕಂಪ್ಯೂಟರು, ಅದಕ್ಕೆ ಇಂಟರ್‌ನೆಟ್ಟೂ ಇಲ್ಲ. ಆದ್ದರಿಂದ ಅಲ್ಲಿನ ಪ್ರೋಗ್ರಾಮಿನ ಹೊಟ್ಟೆಯೊಳಗೇ ಲೈಬ್ರರಿಯನ್ನು ಸೇರಿಸಿ ಒಂದೇ ಫೈಲು ಮಾಡಿ ಪೆನ್‌ಡ್ರೈವಿನಲ್ಲಿ ಕಳಿಸುತ್ತಿದ್ದೆವು. ಇದು ಸ್ಟ್ಯಾಟಿಕ್. ಬರೆದದ್ದನ್ನು ಕಂಪ್ಯೂಟರು ಓಡಿಸುವ ರೂಪಕ್ಕೆ ತರುವುದಕ್ಕೆ ನಾವು ಕಟ್ಟುವುದು ಎನ್ನುತ್ತಿದ್ದೆವು.

ಪಾಲಿಟೆಕ್ನಿಕ್‌ನಲ್ಲಿ ಈ ಎರಡು ಪದಗಳ ವ್ಯತ್ಯಾಸವನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ. ಅರ್ಥವಾದದ್ದು ಮಾಸ್ಟ್ರು ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಕಿ ಕಾಗದದ ಪ್ಯಾಟರ್ನ್ ತೋರಿಸಿದಾಗ. "ಇದನ್ನ ನೋಡ್ರಿ. ಇಲ್ಲಿ ಕೆಲಸ ಮಾಡೋರೆಲ್ಲ ಈ ಮೊಳಿ ಹತ್ರ ಬಂದು ಇದನ್ನ ಇಟ್ಟು ಗೆರಿ ಹಾಕ್ತಾರ. ನಾ ಇದನ್ನ ತಿದ್ದಿದ್ರ ಎಲ್ಲಾರ ಪ್ಯಾಂಟೂ ತಿದ್ದಿದಂಗ. ಆದ್ರ ಇದು ಹರಿದುಹೋತು ಅಂದ್ರ ಎಲ್ಲಾರ ಕೆಲಸಾನೂ ನಿಂತಂಗ. ಮನ್ಯಾಗ ಹೊಲಿಯೋ ಹೆಣ್ಮಕ್ಕಳಿಗೆ ಏನ್ ಮಾಡ್ತೀವಿ? ಇದರ ಮ್ಯಾಲೆ ಇನ್ನೊಂದು ಕಾಗದ ಇಟ್ಟು ಕತ್ತರಿಸಿ ಕೊಟ್ಟು ಕಳಿಸ್ತೀವಿ. ಅವರಿಗೆ ನಮ್ಮ ಮೊಳಿ ಬೇಕಾಗಿಲ್ಲ, ಎಲ್ಲಿ ಕುಂತಾದ್ರೂ ಹೊಲೀತಾರ. ಆದ್ರ ನಾ ಇಲ್ಲಿ ತಿದ್ದಿದ್ದು ಅವರಿಗೆ ಗೊತ್ತಾಗಾಂಗಿಲ್ಲ." ಇಷ್ಟೇ. ಆಮೇಲೆ ಯಾರಾದರೂ ನನ್ನನ್ನು ಈ ಪ್ರಶ್ನೆ ಕೇಳಿದರೆ ಆ ಮೊಳೆಯೇ ಕಣ್ಣಿಗೆ ಬರುತ್ತದೆ.

ಸೇರಿದ ಎರಡನೇ ತಿಂಗಳು ನಾನೊಂದು ಜಾಣತನ ಮಾಡಿದೆ. ಬರೆದಿಟ್ಟ ಮೂಲವನ್ನು, ಎಂದರೆ ಸೋರ್ಸ್ ಕೋಡನ್ನು, ಎರಡು ಪ್ರತಿ ಮಾಡಿ, ಒಂದಕ್ಕೆ ರಾಯದುರ್ಗ, ಇನ್ನೊಂದಕ್ಕೆ ಮಡಕಶಿರ ಎಂದು ಹೆಸರಿಟ್ಟು, ಎಲ್ಲ ಅಚ್ಚುಕಟ್ಟಾಯಿತು ಎಂದು ಹಿಗ್ಗಿದೆ. ಮಾಸ್ಟ್ರು ನೋಡಿದರು. ಅವರ ಮುಖ ಅಷ್ಟು ಗಂಟಾದದ್ದನ್ನು ನಾನು ಅದೇ ಮೊದಲು ಕಂಡದ್ದು. "ಒಬ್ಬನ ಸೊಂಟಕ್ಕ ಎರಡು ಅಳತಿ ಬರಕೊಂತೀರೇನ್ರೀ? ನಾಳೆ ಒಂದನ್ನ ತಿದ್ದಿ ಇನ್ನೊಂದನ್ನ ಮರೀತೀರಿ. ಮೂಲ ಒಂದ ಇರ್ಬೇಕು. ಕಟ್ಟೋದು ಎರಡು ಥರ ಕಟ್ರಿ, ಬ್ಯಾಡ ಅಂದೋರ್ಯಾರು?" ಎಂದು ಒಂದು ಪ್ರತಿಯನ್ನು ಅಳಿಸಿಹಾಕಿದರು. ನಾನು ಗೋಡೆಯ ಮೇಲೆ ಬರೆದೆ: ಮೂಲವನ್ನು ಎರಡು ಮಾಡಿದೆ, ನಾಗವೇಣಿ. ಸುಣ್ಣದ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮಾಸ್ಟ್ರು ನನಗೆ ಚಹಾ ತರಿಸಿಟ್ಟಿದ್ದರು.

ಅವರ ಇನ್ನೊಂದು ಹಟ ಕೂತು ನೋಡುವುದು. ಹೊಸ ಪ್ಯಾಟರ್ನಿನ ಮೊದಲ ಪ್ಯಾಂಟನ್ನು ಹಾಕಿಕೊಂಡವರು ಅವರ ಎದುರಿಗೆ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರಬೇಕು. "ನಿಂತಾಗ ಎಲ್ಲಾ ಪ್ಯಾಂಟೂ ಚಂದ ಇರ್ತಾವ್ರೀ. ಕುಂತು ನೋಡ್ಬೇಕು" ಎನ್ನುವರು. ಪ್ರೋಗ್ರಾಮಿಗೂ ಅದೇ ಮಾತು. ನಾನು "ಆಯ್ತು ಮಾಸ್ಟ್ರೇ, ಓಡ್ತಾ ಐತೆ" ಎಂದರೆ, "ಕುಂತು ನೋಡಿದ್ರೇನು?" ಎಂದು ಕೇಳುವರು. ಹಾಗೆ ನೋಡುವಾಗಲೇ ಒಂದು ದಿನ ಚಿಕ್ಕ ಮಕ್ಕಳ ಅಳತೆಯ ಲೆಕ್ಕದಲ್ಲಿ ತಪ್ಪಿರುವುದು ಗೊತ್ತಾಯಿತು. ಹತ್ತು ವರ್ಷದೊಳಗಿನ ಮಕ್ಕಳ ಪ್ಯಾಂಟು ನಿಂತರೆ ಸರಿ, ಕೂತರೆ ಹಿಂದೆ ಬಿಗಿ. ಸದ್ಯಕ್ಕೆ ಆ ಅಳತೆ ಬಳಸಬೇಡಿ ಎಂದು ಗಂಗಕ್ಕನಿಗೂ ಫೋನಿನಲ್ಲಿ ಹೇಳಿದೆ. ಮಾಸ್ಟ್ರು ಅಂದೇ ಮೂಲದಲ್ಲಿ ತಿದ್ದಿದರು. ನಾನು ಶೇರ್ಡ್ ಲೈಬ್ರರಿಯನ್ನು ಹೊಸದಾಗಿ ಕಟ್ಟಿ ಹಳೆಯದರ ಜಾಗದಲ್ಲಿಟ್ಟೆ. ಮೂರು ಪ್ರೋಗ್ರಾಮುಗಳನ್ನೂ ಮುಚ್ಚಿ ತೆರೆದದ್ದಷ್ಟೇ, ಮೂರರಲ್ಲೂ ಅಳತೆ ಸರಿಯಾಗಿತ್ತು. ಒಂದಕ್ಕೂ ಕೈ ಹಚ್ಚಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು.

ಆ ಹಿಗ್ಗಿನಲ್ಲಿರುವಾಗಲೇ ಗಂಗಕ್ಕನ ಫೋನು ಬಂತು. ಮಡಕಶಿರದ ಕೇಂದ್ರಕ್ಕೆ ಒಂದು ಶಾಲೆಯವರು ಚಿಕ್ಕ ಹುಡುಗಿಯರ ಯೂನಿಫಾರ್ಮ್ ಪ್ಯಾಂಟು ಹೊಲಿಯಲು ಬಟ್ಟೆ ಕಳಿಸಿದ್ದರು. ಅಷ್ಟು ದೊಡ್ಡ ಕೆಲಸ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಅದು ಕೆಟ್ಟರೆ ಇನ್ನೊಂದು ಸಿಗುವುದು ಸುಳ್ಳು. ಹಿಪ್ಪುನೇರಳೆ ಸೊಪ್ಪು ಬಿಡಿಸಿ, ರೇಷ್ಮೆ ಹುಳಕ್ಕೆ ಹಾಕಿ, ಆಮೇಲೆ ಬಂದು ಮಿಷನ್ ತುಳಿಯುವ ಹದಿನಾಲ್ಕು ಹೆಂಗಸರು ಆ ಕೆಲಸವನ್ನು ನೆಚ್ಚಿಕೊಂಡು ಕೂತಿದ್ದರು. ಗಂಗಕ್ಕ ಕೇಳಿದರು, "ಚಿಕ್ಕುಡುಗರ ಅಳತೆ ಏನೋ ಸರಿಯಿಲ್ಲ ಅಂತಿದ್ದೆಯಲ್ಲಮ್ಮಿ, ಈಗ ಕತ್ತರ್ಸಬೋದಾ?"

"ಸರಿ ಮಾಡೀವಿ ಕಣಕ್ಕ. ಕತ್ತರ್ಸಿ" ಎಂದೆ.

ಮೊಳೆಯ ಮೇಲಿನ ಪ್ಯಾಟರ್ನ್ ತಿದ್ದಿದ್ದೆವು. ಅವರ ಕೈಗೆ ಕತ್ತರಿಸಿ ಕೊಟ್ಟಿದ್ದ ಕಾಗದ ಹಳೆಯದೇ ಆಗಿತ್ತು. ಅಷ್ಟು ಸಲ ಕೇಳಿದ ಪಾಠ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮಡಕಶಿರದ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಹಳೇ ಲೈಬ್ರರಿಯೇ ಇತ್ತು. ಸ್ಟ್ಯಾಟಿಕ್ ಕಟ್ಟಿ, ಪ್ರೋಗ್ರಾಮಿಗೆ ಮತ್ತೆ ಸೇರಿಸಿ, ಪೆನ್‌ಡ್ರೈವಿನಲ್ಲಿ ಒಯ್ದು ಹಾಕುವವರೆಗೂ ಅದು ಹಳೆಯದೇ.

ಮೂರನೇ ದಿನ ಮತ್ತೆ ಫೋನು. ಗಂಗಕ್ಕನದೇ. "ಏನಮ್ಮಿ ಇದು? ನನ್ನ ಮೊಮ್ಮಗಳಿಗೆ ಹಾಕ್ಸಿ ಕೂರ್ಸಿದ್ರೆ ಪರ್ ಅಂತ ಹರ್ಕೊಂಡ್ಬುಡ್ತು! ಬಟ್ಟೆಯೆಲ್ಲಾ ಕತ್ತರ್ಸಿ ಗುಡ್ಡೆ ಹಾಕೀವಿ. ಈಗೇನ್ ಮಾಡಾನ?"

ಪ್ರೋಗ್ರಾಮಿನಲ್ಲಿ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಕತ್ತರಿಸಿದ ಬಟ್ಟೆಯನ್ನು ಹೇಗೆ ತೆಗೆದುಕೊಳ್ಳುವುದು? ಮಾಸ್ಟ್ರ ಹತ್ತಿರ ಹೋಗಿ ನಿಂತೆ. ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅವರು ಎಲ್ಲವನ್ನೂ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, "ಸ್ಟ್ಯಾಟಿಕ್ ಕಟ್ಟಿ ಪೆನ್‌ಡ್ರೈವಿಗೆ ಹಾಕ್ರಿ. ಮುಂಜಾನಿ ಬಸ್ಸಿಗೆ ಹೋಗೋಣ" ಎಂದರು.

ಕಲ್ಯಾಣದುರ್ಗದಲ್ಲಿ ಒಮ್ಮೆ, ಪಾವಗಡದಲ್ಲಿ ಒಮ್ಮೆ ಬಸ್ಸು ಬದಲಿಸಿ ಮಡಕಶಿರ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು, "ಶೇಂಗಾ ಈ ಸಲ ಚಲೋ ಅದಾವು" ಎಂದು, ಕಿಟಕಿಯಾಚೆ ನೋಡಿಕೊಂಡು. ಕೇಂದ್ರದಲ್ಲಿ ಹೆಂಗಸರು ಮಿಷನ್ ಬಿಟ್ಟು ಗೋಡೆಗೆ ಒರಗಿ ಕೂತಿದ್ದರು. ಗಂಗಕ್ಕ ನೇರವಾಗಿ ಕೇಳಿದರು, "ಯಾರ್ ತಪ್ಪು ಮಾಸ್ಟ್ರೇ ಇದು?"

ನಾನು ಬಾಯಿ ತೆರೆಯುವ ಮೊದಲೇ ಮಾಸ್ಟ್ರು ಅಂದರು, "ನಂದರೀ. ನಿಮ್ಮ ಹತ್ರ ಇರೋದು ಹಳೇದೋ ಹೊಸದೋ ಅಂತ ತೋರಿಸೋ ಒಂದು ಸಾಲು ನಾ ಬರೀಬೇಕಾಗಿತ್ತು. ಬರ್ದಿಲ್ಲ."

ಅಷ್ಟು ಬಾಯಿಯಿರುವ ನಾನು ಅವತ್ತು ಸುಮ್ಮನೆ ನಿಂತೆ. ಈ ಮಾತು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮಾಸ್ಟ್ರು ಚಾಪೆಯ ಮೇಲೆ ಕತ್ತರಿಸಿದ ತುಂಡುಗಳನ್ನು ಹರಡಿಕೊಂಡು ಒಂದೊಂದನ್ನೇ ಟೇಪಿನಲ್ಲಿ ಅಳೆದರು. ಆಮೇಲೆ ಮೂಲೆಯಲ್ಲಿದ್ದ ಉಳಿಕೆ ಚಿಂದಿಯ ಮೂಟೆಯನ್ನು ಎಳೆದುಕೊಂಡರು. ಹಿಂದಿನವರು ಚಣ್ಣ, ಅಂದರೆ ದೊಗಲೆ ಚಡ್ಡಿ, ಹೊಲಿಯುವಾಗ ಎರಡು ಕಾಲು ಕೂಡುವ ಜಾಗಕ್ಕೆ ಒಂದು ಚೌಕದ ತುಂಡನ್ನು ಓರೆಯಾಗಿ ಕೂಡಿಸುತ್ತಿದ್ದರಂತೆ, ಹೊಲದಲ್ಲಿ ಕೂತು ಎದ್ದು ಮಾಡಲು ಸಡಿಲ ಇರಲಿ ಎಂದು. ಅದನ್ನೇ ಚಿಂದಿಯಲ್ಲಿ ಕತ್ತರಿಸಿ ಒಂದು ಪ್ಯಾಂಟಿಗೆ ಕೂಡಿಸಿದರು. ಗಂಗಕ್ಕನ ಮೊಮ್ಮಗಳಿಗೆ ಹಾಕಿಸಿ, "ಕುಂದ್ರವಾ" ಎಂದರು. ಹುಡುಗಿ ಕೂತಳು, ಎದ್ದಳು, ಕುಕ್ಕರುಗಾಲಲ್ಲಿ ಕಪ್ಪೆಯಂತೆ ಕುಪ್ಪಳಿಸಿ ತೋರಿಸಿದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹರಿಯಲಿಲ್ಲ. ಮಾಸ್ಟ್ರು ಅಲ್ಲೇ ನಾಲ್ಕು ದಿನ ಉಳಿದು ಪ್ರತಿಯೊಂದು ತುಂಡನ್ನೂ ತಾವೇ ಕತ್ತರಿಸಿಕೊಟ್ಟರು. ಗಂಗಕ್ಕನ ಮನೆಯ ರಾಗಿಮುದ್ದೆಯನ್ನು ಬೆರಳಿನಿಂದ ಮುರಿಯುತ್ತ, "ನಮಗ ಇದನ್ನ ನುಂಗಾಕ ಬರಂಗಿಲ್ರೀ, ರೊಟ್ಟಿ ಮಂದಿ ನಾವು" ಎನ್ನುವರು, ಎರಡು ಮುದ್ದೆ ಮುಗಿಸುವರು.

ಶಾಲೆಯವರು ಬಟ್ಟೆ ಒಪ್ಪಿಕೊಂಡರು. ಮಕ್ಕಳು ಆಟವಾಡಲು ಚೆನ್ನಾಗಿದೆ, ಮುಂದಿನ ವರ್ಷವೂ ಹೀಗೇ ಹೊಲಿಯಿರಿ ಎಂದೂ ಹೇಳಿದರು. ಕೇಂದ್ರದಲ್ಲಿ ಈಗಲೂ ಆ ಚೌಕಕ್ಕೆ 'ಮಾಸ್ಟ್ರು ತುಂಡು' ಎಂದೇ ಹೆಸರು.

ರಾಯದುರ್ಗಕ್ಕೆ ಬಂದ ದಿನವೇ ಅವರು ಕೆಲಸದ ವಿಧಾನವನ್ನು ಬದಲಿಸಿದರು. ಒಂದೇ ಆಜ್ಞೆಗೆ ಒಂದೇ ಮೂಲದಿಂದ ಎರಡೂ ಲೈಬ್ರರಿ ಕಟ್ಟಿಕೊಳ್ಳಬೇಕು, ಒಂದನ್ನು ಕಟ್ಟಿ ಇನ್ನೊಂದನ್ನು ಬಿಡಲು ದಾರಿಯೇ ಇರಬಾರದು. ಎರಡಕ್ಕೂ ಬೇಕಾದ ಪ್ರೋಗ್ರಾಮಿನ ತುಂಡುಗಳನ್ನು ಬೇರೆ ಬೇರೆ ಸಿದ್ಧ ಮಾಡಿ ಬೇರೆ ಬೇರೆ ಫೋಲ್ಡರಿನಲ್ಲಿ ಇಡಬೇಕು, ಬೆರೆಯಬಾರದು. ಪ್ರೋಗ್ರಾಮು ತೆರೆದೊಡನೆ ತನ್ನಲ್ಲಿರುವ 'ಅಳತೆ' ಎಷ್ಟನೇ ಸಲ ತಿದ್ದಿದ್ದು ಎಂಬುದನ್ನು ಮೇಲೆಯೇ ತೋರಿಸಬೇಕು. ಎಲ್ಲ ಮಾಡಿದ ಮೇಲೆ ತಪ್ಪಿನ ಪಟ್ಟಿ ತೆರೆದು ಬರೆದರು: 'ಹಳೆಯದು ಯಾವುದು, ಹೊಸದು ಯಾವುದು ಎಂದು ತೋರಿಸುವ ಸಾಲು ಬರೆದಿರಲಿಲ್ಲ. ಎರ್ರಿಸ್ವಾಮಿ.' ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟರು.

ಕೆಲವು ತಿಂಗಳಾದ ಮೇಲೆ ಪಟ್ಟಿಯನ್ನು ಚೊಕ್ಕ ಮಾಡುವಾಗ ಆ ಖಾಲಿ ಸಾಲು ನನ್ನ ಕಣ್ಣಿಗೆ ಬಿತ್ತು. "ಇದೊಂದು ಹೆಚ್ಚಾಗೈತೆ ಮಾಸ್ಟ್ರೇ, ತೆಗೀಲಾ?" ಎಂದೆ. ಅವರು ಬಟ್ಟೆಯಿಂದ ತಲೆ ಎತ್ತದೆ, "ಇರ್ಲಿ ಬಿಡ್ರಿ. ಅದೇನ್ ಅನ್ನ ಕೇಳ್ತೈತೇನು?" ಎಂದರು. ನಾನು ಬಿಟ್ಟೆ.

ಮದುವೆಯಾಗಿ ನಾನು ಮಡಕಶಿರಕ್ಕೆ ಬಂದೆ. ಕೆಲಸ ಮಾತ್ರ ಕೈಬಿಡಲಿಲ್ಲ, ಇಲ್ಲಿಂದಲೇ ಮಾಡಿ ಕಳಿಸುತ್ತಿದ್ದೆ. ಮಾಸ್ಟ್ರು ಫೋನು ಮಾಡಿದರೆ ಉಳಿದವರ ಹಾಗೆ ಊಟ ಆಯ್ತಾ ಎಂದು ಕೇಳುತ್ತಿರಲಿಲ್ಲ. "ಎರಡೂ ಕಟ್ಟಿದ್ರೇನ್ರೀ?" ಎನ್ನುವರು. ಹೂಂ ಎಂದ ಮೇಲೆಯೇ ಮಕ್ಕಳು ಮರಿಯ ಮಾತು. ಕೊನೆಯ ಸಲ ಅವರನ್ನು ರಾಯದುರ್ಗದ ಅವರ ಮನೆಯಲ್ಲಿ ಕಂಡೆ. ಬಲಗೈ ಸ್ವಾಧೀನ ತಪ್ಪಿತ್ತು, ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಕೊರಳಲ್ಲಿ ಟೇಪು ಇತ್ತು. ಎಡಗೈಯಲ್ಲಿ ಒಂದೊಂದೇ ಗುಂಡಿ ಒತ್ತಿ ಯಾವುದೋ ಲೆಕ್ಕ ತಿದ್ದುತ್ತಿದ್ದರು. ಮಡಕಶಿರದ ವಿಷಯವನ್ನು ಆಡಿಬಿಡಬೇಕು ಎಂದು ಎರಡು ಸಲ ಬಾಯಿಗೆ ಬಂತು, ನುಂಗಿಕೊಂಡೆ. ಬಾಗಿಲವರೆಗೂ ಬಂದು, "ಹೋಗಿ ಬರ್ರಿ ತಂಗಿ. ಗಂಗಮ್ಮಾರಿಗೆ ಕೇಳ್ದೆ ಅನ್ರಿ. ಮುದ್ದಿ ನೆನಸ್ಕೊಂಡೆ ಅನ್ರಿ" ಎಂದರು.

ಅವರು ಹೋದ ಸುದ್ದಿ ಬಂದ ಬೆಳಿಗ್ಗೆ ನಾನು ಕೇಂದ್ರದಲ್ಲೇ ಇದ್ದೆ. ಹೇಳಿದ ಕೂಡಲೇ ಗಂಗಕ್ಕ ಕೈ ಎತ್ತಿದರು, ಮಿಷನ್ನುಗಳೆಲ್ಲ ಒಂದೊಂದಾಗಿ ನಿಂತವು. ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆಯೇ ಅಂದೆ, "ಅಕ್ಕಾ, ಆ ಯೂನಿಫಾರ್ಮ್ ತಪ್ಪು ಮಾಸ್ಟ್ರುದಲ್ಲ. ನಂದು."

ಗಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಗೊತ್ತು ಕಣಮ್ಮಿ. ಫೋನ್ನಾಗೆ ಕತ್ತರ್ಸಿ ಅಂದೋಳು ನೀನೇ ಅಲ್ವಾ? ನಮಗೆ ಅಷ್ಟೂ ತಿಳೀಯಾಕಿಲ್ವಾ?"

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಕಿದ್ರಿ?"

"ಆವಾಗ ವಾಪಸ್ ಬಸ್ ಹತ್ತೋ ಮುಂಚೆ ಅವರು ನನ್ನ ಒಬ್ಬಳನ್ನೇ ಕರ್ದು ಒಂದ್ ಮಾತು ಹೇಳಿದ್ರು. ಆಕಿಗೆ ಯಾರೂ ಏನೂ ಅನ್ನಬ್ಯಾಡ್ರಿ, ಆಕಿ ಹೆಸರು ಆಕಿನ ಬರೀತಾಳ, ಸ್ವಲ್ಪ ಟೈಮ್ ಹಿಡೀತೈತಿ ಅಂದ್ರು. ಏನ್ ಬರೆಯಾದೋ, ಎಲ್ಲಿ ಬರೆಯಾದೋ, ನನಗೆ ಇವತ್ತಿಗೂ ತಿಳೀಲಿಲ್ಲ."

ನನಗೆ ತಿಳಿಯಿತು. ಕೂತಲ್ಲಿಂದ ಎದ್ದು ಲ್ಯಾಪ್‌ಟಾಪ್ ತೆರೆದೆ. ಪಟ್ಟಿಯಲ್ಲಿ ಅವರ ಹೆಸರಿನ ಕೆಳಗೆ ಆ ಸಾಲು ಖಾಲಿಯಾಗಿಯೇ ಇತ್ತು. ಇನ್ನೊಬ್ಬರ ಹೆಸರನ್ನು ಇನ್ನೊಬ್ಬರು ಬರೆಯುವ ಹಾಗಿಲ್ಲ ಎಂದವರು ನನಗೆ ಜಾಗ ಹಿಡಿದಿಟ್ಟಿದ್ದರು. ನಾನೋ, ಅದನ್ನು ಅಳಿಸಿಬಿಡಲೇ ಎಂದು ಅವರನ್ನೇ ಕೇಳಿದ್ದೆ. ಅಳುತ್ತಲೇ ಬರೆದೆ: 'ಮಡಕಶಿರದ್ದನ್ನು ಕಟ್ಟದೆಯೇ ಕತ್ತರಿಸಿ ಎಂದೆ. ನಾಗವೇಣಿ.'

ಆಮೇಲೆ ಎರಡೂ ಕಟ್ಟಿದೆ. ರಾಯದುರ್ಗದ್ದನ್ನು ನನ್ನ ಫೋನಿನ ಇಂಟರ್‌ನೆಟ್ಟಿನಲ್ಲಿ ಅಲ್ಲಿಂದಲೇ ಕಳಿಸಿ, ಮಡಕಶಿರದ್ದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೇಂದ್ರದ ಹಳೇ ಕಂಪ್ಯೂಟರಿಗೆ ಸೇರಿಸಿದೆ. ಗಂಗಕ್ಕ ಕನ್ನಡಕ ಹಾಕಿಕೊಂಡು ಬಂದು ಪರದೆಯ ಮೇಲಿನ ಎರಡು ಸಾಲುಗಳನ್ನು, ಎರಡು ಹೆಸರುಗಳನ್ನು ನಿಧಾನವಾಗಿ ಓದಿದರು. ಓದಿ, ನನ್ನ ಬೆನ್ನ ಮೇಲೆ ಕೈಯಿಟ್ಟು ಅಂದರು, "ನಿಂತ್ಕೊಂಡೇ ಇದ್ದೀಯಲ್ಲಮ್ಮಿ. ಕೂತ್ಕೋ, ಕೂತು ನೋಡು."